ತಟ್ಟೆಯ ತರಕಾರಿ, ಕೊರಳಿನ ಗ್ರಂಥಿ

‘ಎಲೆಕೋಸು ತಿಂದರೆ ಥೈರಾಯ್ಡ್ ಬರುತ್ತದೆ’ ಎಂಬ ಮಾತು ಈಚಿನ ವರ್ಷಗಳಲ್ಲಿ ಮನೆಮನೆಯಲ್ಲೂ ಕೇಳಿಬರುತ್ತಿದೆ. ಮದುವೆಯ ಪಂಕ್ತಿಯಲ್ಲಿ ಕೋಸಿನ ಪಲ್ಯ ಬಡಿಸಲು ಬಂದವರನ್ನು ಎಲೆಗೆ ಕೈ ಅಡ್ಡಹಿಡಿದು ತಡೆಯುವವರಿದ್ದಾರೆ. ಮೊಬೈಲಿಗೆ ಬಂದ ಸಂದೇಶವನ್ನು ನಂಬಿ ಹೂಕೋಸು, ಮೂಲಂಗಿ, ಸಜ್ಜೆ, ಶೇಂಗಾ ಎಲ್ಲವನ್ನೂ ಅಡುಗೆಮನೆಯಿಂದ ಹೊರಗಿಟ್ಟವರೂ ಇದ್ದಾರೆ. ಇನ್ನೊಂದು ಕಡೆ, ‘ನಮ್ಮ ಹಿರಿಯರು ಇದನ್ನೆಲ್ಲ ತಿಂದೇ ಗಟ್ಟಿಮುಟ್ಟಾಗಿದ್ದರು’ ಎಂದು ಇಡೀ ವಿಚಾರವನ್ನೇ ತಳ್ಳಿಹಾಕುವವರು ಕಾಣಸಿಗುತ್ತಾರೆ.

ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಕೆಲವು ಸಸ್ಯಾಹಾರಗಳಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುವ ದ್ರವ್ಯಗಳಿರುವುದು ನಿಜ. ಕೊರಳಿನ ಬಾವಾದ ಗಳಗಂಡಕ್ಕೆ ಕಾರಣವಾಗಬಲ್ಲವಾದ್ದರಿಂದ ಇವುಗಳನ್ನು ಗಳಗಂಡಕಾರಕಗಳು ಎಂದು ಕರೆಯಬಹುದು. ಆದರೆ ಇವು ಕೇಡು ಮಾಡಿದ ಕಡೆಗಳನ್ನು ಪರಿಶೀಲಿಸಿದರೆ ಸಾಮಾನ್ಯವಾಗಿ ಮೂರು ಸಂಗತಿಗಳು ಕಣ್ಣಿಗೆ ಬೀಳುತ್ತವೆ: ಆಹಾರದಲ್ಲಿ ಅಯೋಡಿನ್ ಕೊರತೆ, ದಿನವೂ ಒಂದೇ ಪದಾರ್ಥದ ಅತಿಸೇವನೆ, ಅದನ್ನು ಹದಗೊಳಿಸುವ ಕ್ರಮದಲ್ಲಿ ಲೋಪ. ಇವು ಒಟ್ಟಿಗೆ ಸೇರಿದ ನಾಡುಗಳಲ್ಲಿ ಮಕ್ಕಳ ಬುದ್ಧಿಯ ಬೆಳವಣಿಗೆಗೇ ಪೆಟ್ಟು ಬಿದ್ದಿದೆ. ಮೂರನ್ನೂ ತಪ್ಪಿಸಿದ ಮನೆಗಳಲ್ಲಿ ಅದೇ ಕೋಸು, ಅದೇ ಗೆಣಸು ಪುಷ್ಟಿಕರ ಆಹಾರವಾಗಿ ಉಳಿದಿವೆ. ಆದುದರಿಂದ ಹೆತ್ತವರು ತಿಳಿಯಬೇಕಾದುದು ಯಾವ ತರಕಾರಿಯನ್ನು ಬಿಡಬೇಕೆಂಬುದಕ್ಕಿಂತ, ಯಾವುದನ್ನು ಹೇಗೆ, ಯಾವುದರ ಜೊತೆಗೆ ಉಣ್ಣಬೇಕೆಂಬುದನ್ನು.

ಇಪ್ಪತ್ತು ಗ್ರಾಂ ತೂಕದ ಕಾರ್ಖಾನೆ

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಕುಳಿತಿರುವ ಚಿಟ್ಟೆಯಾಕಾರದ ಗ್ರಂಥಿಯೇ ಥೈರಾಯ್ಡ್. ವಯಸ್ಕರಲ್ಲಿ ಅದರ ತೂಕ ಸುಮಾರು 20 ಗ್ರಾಂ. ಇಷ್ಟು ಚಿಕ್ಕದಾದರೂ ದೇಹದ ಪ್ರತಿಯೊಂದು ಅಂಗವೂ ಯಾವ ವೇಗದಲ್ಲಿ ಕೆಲಸ ಮಾಡಬೇಕೆಂಬುದನ್ನು ಅದು ಸ್ರವಿಸುವ ಹಾರ್ಮೋನುಗಳು ನಿರ್ಧರಿಸುತ್ತವೆ. ಹೃದಯದ ಬಡಿತ, ಮೈಯ ಶಾಖ, ಎಲುಬಿನ ಬೆಳವಣಿಗೆ, ಎಲ್ಲಕ್ಕೂ ಮಿಗಿಲಾಗಿ ಗರ್ಭಸ್ಥ ಶಿಶುವಿನ ಮತ್ತು ಎಳೆಯ ಮಗುವಿನ ಮೆದುಳಿನ ಬೆಳವಣಿಗೆ ಅವುಗಳನ್ನು ಅವಲಂಬಿಸಿದೆ.

ಈ ಹಾರ್ಮೋನುಗಳ ತಯಾರಿಕೆಗೆ ಬೇಕಾದ ಮುಖ್ಯ ಕಚ್ಚಾವಸ್ತು ಅಯೋಡಿನ್. ಥೈರಾಕ್ಸಿನ್ ಎಂಬ ಹಾರ್ಮೋನಿನ ಒಂದೊಂದು ಅಣುವಿನಲ್ಲಿಯೂ ಅಯೋಡಿನ್ನಿನ ನಾಲ್ಕು ಪರಮಾಣುಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನವೊಂದಕ್ಕೆ 5 ವರ್ಷದವರೆಗಿನ ಮಕ್ಕಳಿಗೆ 90 ಮೈಕ್ರೋಗ್ರಾಂ, 6ರಿಂದ 12 ವರ್ಷದವರಿಗೆ 120, ಅದಕ್ಕೆ ಮೇಲ್ಪಟ್ಟವರಿಗೆ 150, ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗವೇ ಒಂದು ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬಾಳಿದ ಮನುಷ್ಯನಿಗೆ ಆಜೀವ ಬೇಕಾಗುವ ಅಯೋಡಿನ್ ಒಟ್ಟುಗೂಡಿಸಿದರೆ ಒಂದು ಚಹದ ಚಮಚೆಯೂ ತುಂಬುವುದಿಲ್ಲ. ಆದರೆ ದೇಹ ಅದನ್ನು ಬಹುಕಾಲ ಕೂಡಿಡಲಾರದು. ಅನುದಿನವೂ ಅಷ್ಟಷ್ಟೇ ಒದಗುತ್ತಿರಬೇಕು.

ಅಯೋಡಿನ್ ಸಾಲದೆ ಹಾರ್ಮೋನು ಕಡಿಮೆಯಾದಾಗ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಾಗಿ ಕಳುಹಿಸಿ ಥೈರಾಯ್ಡನ್ನು ದುಡಿಸತೊಡಗುತ್ತದೆ. ದುಡಿಮೆ ಹೆಚ್ಚಿದಂತೆ ಗ್ರಂಥಿ ಹಿಗ್ಗುತ್ತದೆ. ಹೀಗೆ ಹಿಗ್ಗಿದ ಕೊರಳೇ ಗಳಗಂಡ. ಸುಶ್ರುತ ಸಂಹಿತೆಯ ಕಾಲದಿಂದಲೂ ಭಾರತೀಯ ವೈದ್ಯರು ಈ ಹೆಸರನ್ನು ಬಲ್ಲರು.

ಗಳಗಂಡಕಾರಕಗಳು ಈ ಕಾರ್ಖಾನೆಯ ಕೆಲಸವನ್ನು ಎರಡು ಬಗೆಯಲ್ಲಿ ಕೆಡಿಸುತ್ತವೆ. ಒಂದು ಬಗೆಯವು ಬಾಗಿಲಲ್ಲಿ ನಿಂತು ಕಚ್ಚಾವಸ್ತುವಾದ ಅಯೋಡಿನ್ ಒಳಗೆ ಹೋಗದಂತೆ ತಡೆಯುತ್ತವೆ. ಇನ್ನೊಂದು ಬಗೆಯವು ಒಳಗೆ ಹೋದ ಅಯೋಡಿನ್ ಹಾರ್ಮೋನಾಗಿ ಮಾರ್ಪಡದಂತೆ ಯಂತ್ರವನ್ನೇ ನಿಧಾನಗೊಳಿಸುತ್ತವೆ. ಬಾಗಿಲಲ್ಲಿ ಅಡ್ಡಿಯಿದ್ದರೂ ಹೊರಗೆ ಅಯೋಡಿನ್ ಧಾರಾಳವಾಗಿದ್ದರೆ ಬೇಕಾದಷ್ಟು ಒಳನುಗ್ಗುತ್ತದೆ. ಎರಡನೆಯ ಬಗೆಯ ಅಡ್ಡಿಯನ್ನು ಅಯೋಡಿನ್ ಪೂರ್ತಿಯಾಗಿ ತೆಗೆಯಲಾರದು. ಅಲ್ಲಿ ಮಿತವೇ ಮದ್ದು.

ಮೊಲಗಳಿಂದ ತಿಳಿದ ಸಂಗತಿ

ಎಲೆಕೋಸಿನ ಮೇಲಿನ ಆಪಾದನೆ ಹುಟ್ಟಿದ್ದು 1928ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ. ಬೇರೊಂದು ರೋಗದ ಅಧ್ಯಯನಕ್ಕಾಗಿ ಅಲ್ಲಿ ಸಾಕಿದ್ದ ಮೊಲಗಳ ಕೊರಳಿನ ಗ್ರಂಥಿ ಬಹಳ ದೊಡ್ಡದಾಗಿರುವುದನ್ನು ಅಲನ್ ಚೆಸ್ನಿ ಮತ್ತು ಅವರ ಸಹೋದ್ಯೋಗಿಗಳು ಗಮನಿಸಿದರು. ಕಾರಣ ಹುಡುಕಿದಾಗ, ಆ ಮೊಲಗಳಿಗೆ ಮುಖ್ಯ ಆಹಾರವಾಗಿ ಎಲೆಕೋಸನ್ನೇ ಹಾಕುತ್ತಿದ್ದುದು ಕಂಡುಬಂತು. 1949ರಲ್ಲಿ ಎಡ್ವಿನ್ ಆಸ್ಟ್‌ವುಡ್, ಮಾಂಟಿ ಗ್ರೀರ್ ಮತ್ತು ಮಾರ್ಟಿನ್ ಎಟ್ಲಿಂಗರ್ ಕೋಸಿನ ಬಳಗದ ಸಸ್ಯಗಳಿಂದ ಗಳಗಂಡವನ್ನುಂಟುಮಾಡುವ ದ್ರವ್ಯವೊಂದನ್ನು ಬೇರ್ಪಡಿಸಿದರು. ಅದಕ್ಕೆ ಗಾಯಿಟ್ರಿನ್ ಎಂಬ ಹೆಸರು ಬಂತು.

ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಟರ್ನಿಪ್, ಸಾಸಿವೆ ಇವೆಲ್ಲ ಒಂದೇ ಕುಲದವು. ಇವುಗಳ ಜೀವಕೋಶಗಳಲ್ಲಿ ಗಂಧಕಯುಕ್ತವಾದ ಗ್ಲುಕೋಸಿನೋಲೇಟ್ ಎಂಬ ದ್ರವ್ಯಗಳಿರುತ್ತವೆ. ಎಲೆಯನ್ನು ಹೆಚ್ಚಿದಾಗ ಅಥವಾ ಅಗಿದಾಗ ಕೋಶ ಒಡೆದು, ಪಕ್ಕದಲ್ಲಿಯೇ ಇರುವ ಕಿಣ್ವವೊಂದು ಅವುಗಳನ್ನು ವಿಭಜಿಸುತ್ತದೆ. ಸಾಸಿವೆಯ ಖಾರ, ಮೂಲಂಗಿಯ ಘಾಟು ಹುಟ್ಟುವುದು ಹೀಗೆಯೇ. ಗಾಯಿಟ್ರಿನ್ ಮತ್ತು ಥಯೋಸಯನೇಟ್ ಕೂಡ ಇದೇ ವಿಭಜನೆಯಿಂದ ಬರುತ್ತವೆ. ಬೇಯಿಸಿದಾಗ ಈ ಕಿಣ್ವ ನಿಷ್ಕ್ರಿಯವಾಗುತ್ತದೆ. ಬೇಯಿಸಿದ ನೀರನ್ನು ಚೆಲ್ಲಿದರೆ ಆ ದ್ರವ್ಯಗಳ ಒಂದು ಪಾಲೂ ಅದರೊಡನೆ ಹೋಗುತ್ತದೆ.

ಹಾಗಾದರೆ ಮನುಷ್ಯರು ಉಣ್ಣುವ ಪ್ರಮಾಣದಲ್ಲಿ ಅಪಾಯವೆಷ್ಟು? 1986ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಹತ್ತು ಮಂದಿ ನಾಲ್ಕು ವಾರಗಳ ಕಾಲ ದಿನವೂ 150 ಗ್ರಾಂ ಬೇಯಿಸಿದ ಮರಿಕೋಸನ್ನು ತಿಂದರು. ಅವರ ಥೈರಾಯ್ಡ್ ಹಾರ್ಮೋನುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ 2010ರಲ್ಲಿ ಅಮೆರಿಕದ ವೈದ್ಯಪತ್ರಿಕೆಯಲ್ಲಿ ವರದಿಯಾಯಿತು. 88 ವರ್ಷದ ವೃದ್ಧೆಯೊಬ್ಬರು ಮಧುಮೇಹ ಹತೋಟಿಗೆ ಬರಲೆಂದು ಹಲವು ತಿಂಗಳು ದಿನವೂ ಒಂದರಿಂದ ಒಂದೂವರೆ ಕಿಲೋ ಹಸಿ ಚೀನೀ ಕೋಸನ್ನು ತಿಂದು, ಥೈರಾಯ್ಡ್ ಹಾರ್ಮೋನಿನ ತೀವ್ರ ಕೊರತೆಯಿಂದ ಪ್ರಜ್ಞಾಹೀನ ಸ್ಥಿತಿಗೆ ತಲುಪಿದ್ದರು. ಊಟದೊಡನೆ ಒಂದು ಸೌಟು ಪಲ್ಯಕ್ಕೂ ದಿನಕ್ಕೊಂದು ಕಿಲೋ ಹಸಿ ಎಲೆಗೂ ಇರುವ ಅಂತರ ದೊಡ್ಡದು.

ನೀಲಗಿರಿಯ ಇಳಿಜಾರುಗಳಲ್ಲಿಯೂ ತಾಳವಾಡಿ, ಹೊಸೂರು ಭಾಗದ ಹೊಲಗಳಲ್ಲಿಯೂ ಕೋಸು ಹೇರಳವಾಗಿ ಬೆಳೆಯುತ್ತದೆ. ಆ ಮನೆಗಳಲ್ಲಿ ಸುಗ್ಗಿಯ ಕಾಲಕ್ಕೆ ವಾರದಲ್ಲಿ ನಾಲ್ಕು ದಿನ ಕೋಸಿನ ಪಲ್ಯವಾದರೂ ಬೆಂದ ಪಲ್ಯಕ್ಕೆ ಹೆದರಬೇಕಾದ ಕಾರಣವಿಲ್ಲ. ಒಗ್ಗರಣೆಯ ಸಾಸಿವೆಯಂತೂ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಸೌಂದರ್ಯಕ್ಕೆಂದೋ ತೂಕ ಇಳಿಸಲೆಂದೋ ಹಸಿ ಕೋಸಿನ ರಸವನ್ನು ಲೋಟಗಟ್ಟಲೆ ಕುಡಿಯುವ ಹೊಸ ರೂಢಿಗೆ ಮಾತ್ರ ಕಡಿವಾಣ ಬೇಕು.

ಮರಗೆಣಸು: ಒಂದು ದ್ವೀಪದ ಪಾಠ

ಕೋಸಿಗಿಂತ ಹೆಚ್ಚು ಎಚ್ಚರ ಬೇಡುವ ಆಹಾರ ಮರಗೆಣಸು. ಪೋರ್ಚುಗೀಸರ ಮೂಲಕ ಕೇರಳಕ್ಕೆ ಬಂದ ಈ ಗೆಡ್ಡೆಯನ್ನು ಬಡವರ ಹಸಿವು ತಣಿಸಲೆಂದು 1880ರ ದಶಕದಲ್ಲಿ ತಿರುವಾಂಕೂರಿನ ಅರಸ ವಿಶಾಖಂ ತಿರುನಾಳ್ ಪ್ರೋತ್ಸಾಹಿಸಿ ಬೆಳೆಸಿದರು. ಇಂದು ಕಾಸರಗೋಡಿನ ಗುಡ್ಡದ ತೋಟಗಳಲ್ಲಿಯೂ ವಯನಾಡಿನ ಹಿತ್ತಿಲುಗಳಲ್ಲಿಯೂ ಅದು ಮನೆಯ ಬೆಳೆ.

ಮರಗೆಣಸಿನಲ್ಲಿ ಲಿನಾಮರಿನ್ ಎಂಬ ದ್ರವ್ಯವಿದೆ. ಗೆಡ್ಡೆ ಗಾಯಗೊಂಡಾಗ ಇದು ಒಡೆದು ಸಯನೈಡ್ ವಿಷ ಹೊರಬರುತ್ತದೆ. ಕಹಿ ತಳಿಗಳಲ್ಲಿ ಇದರ ಪ್ರಮಾಣ ಹೆಚ್ಚು, ಸಿಹಿ ತಳಿಗಳಲ್ಲಿ ಕಡಿಮೆ; ತಿರುಳಿಗಿಂತ ಸಿಪ್ಪೆಯಲ್ಲಿಯೂ ಎಲೆಯಲ್ಲಿಯೂ ಹೆಚ್ಚು. ಮರಗೆಣಸಿನ ಎಲೆ ಮೇದ ದನ ಸಾಯುವುದನ್ನು ಕಂಡ ರೈತರಿಗೆ ಇದು ಹೊಸ ವಿಷಯವಲ್ಲ. ಅಲ್ಪ ಪ್ರಮಾಣದ ಸಯನೈಡನ್ನು ನಮ್ಮ ದೇಹ ಗಂಧಕದ ನೆರವಿನಿಂದ ಥಯೋಸಯನೇಟ್ ಆಗಿ ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಜೀವ ಉಳಿಸುವ ಈ ಉಪಾಯವೇ ಥೈರಾಯ್ಡಿಗೆ ತೊಡಕು. ಏಕೆಂದರೆ ಅಯೋಡಿನ್ನಿಗೆ ಬಾಗಿಲಲ್ಲಿ ಅಡ್ಡನಿಲ್ಲುವ ವಸ್ತುವೇ ಥಯೋಸಯನೇಟ್. ತಂಬಾಕಿನ ಹೊಗೆಯಿಂದಲೂ ರಕ್ತದಲ್ಲಿ ಇದೇ ವಸ್ತು ಏರುತ್ತದೆ ಎಂಬುದನ್ನು ಮನೆಯೊಳಗೆ ಬೀಡಿ ಸೇದುವವರು ತಿಳಿದಿರಬೇಕು.

ಇದರ ಪರಿಣಾಮ ಎಷ್ಟು ಕಠೋರವಾಗಬಲ್ಲುದೆಂಬುದನ್ನು ಆಫ್ರಿಕದ ಕಿವು ಸರೋವರದ ನಡುವೆ ಇರುವ ಇಜ್ವಿ ದ್ವೀಪ ತೋರಿಸಿತು. ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯಕ್ಕೆ ಸೇರಿದ ಈ ದ್ವೀಪದ ಮಣ್ಣಿನಲ್ಲಿ ಅಯೋಡಿನ್ ಕೊರತೆ ಎಲ್ಲೆಡೆಯೂ ಇತ್ತು. ಆದರೆ ಗಳಗಂಡ ಮುಖ್ಯವಾಗಿ ಕಾಣಿಸಿಕೊಂಡದ್ದು ಉತ್ತರ ಭಾಗದಲ್ಲಿ. ಬೆಲ್ಜಿಯಂ ವೈದ್ಯರಾದ ಫ್ರಾಂಸ್ವಾ ದೆಲಾಂಜ್ ಮತ್ತು ಆಂದ್ರೆ ಎರ್ಮಾನ್ಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನ, ಉತ್ತರದಲ್ಲಿ ಬೆಳೆದ ಮರಗೆಣಸನ್ನು ತಿಂದವರ ಥೈರಾಯ್ಡ್ ಅಯೋಡಿನ್ನನ್ನು ಸರಿಯಾಗಿ ಹೀರಿಕೊಳ್ಳುತ್ತಿಲ್ಲ ಎಂಬುದನ್ನು ತೋರಿಸಿಕೊಟ್ಟಿತು. ಅದೇ ದೇಶದ ಉಬಾಂಗಿ ಪ್ರದೇಶದಲ್ಲಿ ಸರಿಯಾಗಿ ಹದಗೊಳಿಸದ ಮರಗೆಣಸೂ ತೀವ್ರ ಅಯೋಡಿನ್ ಕೊರತೆಯೂ ಕೂಡಿ, ಹುಟ್ಟಿನಿಂದಲೇ ಬುದ್ಧಿಮಾಂದ್ಯವೂ ಕುಳ್ಳುತನವೂ ಇರುವ ಕ್ರೆಟಿನಿಸಂ ಪೀಡಿತ ಮಕ್ಕಳು ಬಹುಸಂಖ್ಯೆಯಲ್ಲಿ ಕಂಡುಬಂದರು. ವಿಜ್ಞಾನಿಗಳು ಅಲ್ಲಿ ಕಲಿತ ಸೂತ್ರ ಸರಳವಾದುದು: ದೇಹದಲ್ಲಿ ಥಯೋಸಯನೇಟ್ ಎಷ್ಟಿದೆ ಎಂಬುದೊಂದೇ ಮುಖ್ಯವಲ್ಲ, ಅದಕ್ಕೆ ಎದುರಾಗಿ ಅಯೋಡಿನ್ ಎಷ್ಟಿದೆ ಎಂಬುದೂ ಮುಖ್ಯ.

ಕೇರಳದ ಅಡುಗೆಯ ರೂಢಿಯನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ವಿವೇಕ ತಿಳಿಯುತ್ತದೆ. ಹೊರಸಿಪ್ಪೆಯ ಜೊತೆಗೆ ಒಳಗಿನ ದಪ್ಪ ಸಿಪ್ಪೆಯನ್ನೂ ಸುಲಿದು, ತುಂಡರಿಸಿ, ಧಾರಾಳ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಕುದಿಸಿ ಆ ನೀರನ್ನು ಚೆಲ್ಲುತ್ತಾರೆ. ಕಹಿಯಿದ್ದರೆ ಮತ್ತೊಮ್ಮೆ ಹೊಸ ನೀರು ಹಾಕುತ್ತಾರೆ. ಲಿನಾಮರಿನ್ ನೀರಿನಲ್ಲಿ ಕರಗುವುದರಿಂದ ಬಹುಪಾಲು ಅಪಾಯ ಚರಂಡಿಗೆ ಹೋಗುತ್ತದೆ. ಜೊತೆಗೆ ಮೀನಿನ ಸಾರು ಇದ್ದರೆ ಅದರಿಂದ ಅಯೋಡಿನ್ನೂ ವಿಷಹರಣಕ್ಕೆ ಬೇಕಾದ ಗಂಧಕವುಳ್ಳ ಸಸಾರಜನಕವೂ ದೊರೆಯುತ್ತವೆ. ಮೀನು ತಿನ್ನದ ಮನೆಗಳಲ್ಲಿ ಬೇಳೆ, ಮೊಸರು, ಹಾಲು ಈ ಕೊರತೆಯನ್ನು ತುಂಬಬಲ್ಲವು. ಇಂಧನ ಉಳಿಸಲೆಂದು ಕುಕ್ಕರಿನಲ್ಲಿ ಸ್ವಲ್ಪವೇ ನೀರು ಹಾಕಿ ಕೂಗಿಸಿ, ಆ ನೀರನ್ನೂ ಬಳಸುವುದು ಮಾತ್ರ ತಪ್ಪು ಕ್ರಮ.

ಆಷಾಢದ ಕಣಿಲೆ

ಮಳೆಗಾಲದಲ್ಲಿ ಬಿದಿರಿನ ಬುಡದಿಂದ ಮೇಲೇಳುವ ಎಳೆಯ ಮೊಳಕೆಯೇ ಕಣಿಲೆ. ಕಾಸರಗೋಡು, ವಯನಾಡು ಭಾಗಗಳಲ್ಲಿ ಇದರ ಪಲ್ಯ, ಹೆಸರುಕಾಳು ಬೆರೆಸಿದ ಗಸಿ ಎಲ್ಲರಿಗೂ ಪ್ರಿಯ. ಕಣಿಲೆಯಲ್ಲಿ ಟ್ಯಾಕ್ಸಿಫಿಲ್ಲಿನ್ ಎಂಬ, ಮರಗೆಣಸಿನದರಂತೆಯೇ ಸಯನೈಡ್ ಬಿಡುವ ದ್ರವ್ಯವಿದೆ. ಬಿದಿರಿನ ಮೊಳಕೆಯನ್ನು ವರ್ಷವಿಡೀ ತಿನ್ನುವ ಮಣಿಪುರದ ಹಿನ್ನೆಲೆಯಲ್ಲಿ ಭಾರತೀಯ ವಿಜ್ಞಾನಿಗಳು ನಡೆಸಿದ ಅಧ್ಯಯನಗಳು ಇದರ ಗಳಗಂಡಕಾರಕ ಗುಣವನ್ನು ಇಲಿಗಳಲ್ಲಿ ತೋರಿಸಿವೆ.

ಹಿರಿಯರು ಕಣಿಲೆಯನ್ನು ತಂದ ದಿನವೇ ಬೇಯಿಸುವುದಿಲ್ಲ. ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಿ, ಆ ಬಳಿಕ ಬೇಯಿಸುತ್ತಾರೆ. ಇದನ್ನು ಕೇವಲ ಕಹಿ ಹೋಗಲೆಂದು ಮಾಡುವ ಕೆಲಸವೆಂದು ಭಾವಿಸಿ, ಪೇಟೆಯಿಂದ ತಂದ ಕಣಿಲೆಯನ್ನು ಒಂದೇ ಗಂಟೆ ನೆನೆಸಿ ಒಲೆಗಿಡುವ ಅವಸರ ಈಗ ಕಾಣಿಸಿಕೊಂಡಿದೆ. ಆ ಎರಡು ಮೂರು ದಿನಗಳ ಕಾಯುವಿಕೆಯೇ ಈ ಅಡುಗೆಯ ಮುಖ್ಯ ಭಾಗವೆಂಬುದನ್ನು ಅಜ್ಜಿಯರಿಂದ ಮೊಮ್ಮಕ್ಕಳು ಕೇಳಿ ತಿಳಿಯಬೇಕು.

ಸಜ್ಜೆ, ಶೇಂಗಾ, ಸೋಯಾ

ಕರಾವಳಿಯಿಂದ ಬಯಲುಸೀಮೆಗೆ ಬಂದರೆ ಬೇರೆ ಧಾನ್ಯಗಳ ಮಾತು ಬರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಜೋಳದ ರೊಟ್ಟಿ ನಿತ್ಯದ ಊಟ. ಚಳಿಗಾಲದಲ್ಲಿ, ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹಬ್ಬದೂಟ. ಸಿರಿಧಾನ್ಯಗಳ ಪೈಕಿ ಥೈರಾಯ್ಡಿನ ಸಂಬಂಧದಲ್ಲಿ ಹೆಚ್ಚು ಸಂಶೋಧನೆಗೆ ಒಳಗಾದುದು ಸಜ್ಜೆ. ಸುಡಾನ್ ದೇಶದ ಡಾರ್ಫುರ್ ಪ್ರಾಂತದಲ್ಲಿ ಜನರು ಬಹುತೇಕ ಸಜ್ಜೆಯನ್ನೇ ಅವಲಂಬಿಸಿದ ಹಳ್ಳಿಗಳಲ್ಲಿ ಗಳಗಂಡ ವ್ಯಾಪಕವಾಗಿತ್ತು. 1989ರಲ್ಲಿ ಎಡ್ವಾರ್ಡೊ ಗೈತಾನ್ ಮತ್ತು ಸಂಗಡಿಗರು ಸಜ್ಜೆಯ ಹೊಟ್ಟಿನಲ್ಲಿ ಹೇರಳವಾಗಿರುವ ವಿಟೆಕ್ಸಿನ್ ಮೊದಲಾದ ಫ್ಲೇವೋನ್ ದ್ರವ್ಯಗಳು ಹಾರ್ಮೋನು ತಯಾರಿಸುವ ಕಿಣ್ವವನ್ನೇ ಕುಂಠಿತಗೊಳಿಸುತ್ತವೆಂದು ತೋರಿಸಿದರು. ಇವು ಶಾಖಕ್ಕೆ ಸುಲಭವಾಗಿ ನಾಶವಾಗುವಂಥವಲ್ಲ.

ಇದನ್ನು ಓದಿದೊಡನೆ ಸಜ್ಜೆಯನ್ನು ಮೂಲೆಗೆಸೆಯಬೇಕಾಗಿಲ್ಲ. ಡಾರ್ಫುರಿನ ಬಡವರ ತಟ್ಟೆಯಲ್ಲಿ ಮೂರು ಹೊತ್ತೂ ಸಜ್ಜೆಯೇ ಇತ್ತು. ಅಯೋಡಿನ್ ಉಪ್ಪು ಇರಲಿಲ್ಲ. ಬಯಲುಸೀಮೆಯ ಊಟದಲ್ಲಿ ಸಜ್ಜೆಯ ಜೊತೆಗೆ ಜೋಳ, ಗೋಧಿ, ಅಕ್ಕಿ ಸರದಿಯಲ್ಲಿ ಬರುತ್ತವೆ. ಕಾಳಿನ ಪಲ್ಯ, ಮೊಸರು ಜೊತೆಗಿರುತ್ತವೆ. ಕಬ್ಬಿಣದ ಅಂಶವೂ ನಾರೂ ತುಂಬಿದ ಧಾನ್ಯವನ್ನು ಬೆಳೆಯುವ ಮಕ್ಕಳಿಂದ ಕಿತ್ತುಕೊಳ್ಳುವುದು ಲಾಭಕ್ಕಿಂತ ಹೆಚ್ಚು ನಷ್ಟ. ಆದರೆ ಸಿರಿಧಾನ್ಯ ಒಳ್ಳೆಯದೆಂಬ ಮಾತಿಗೆ ಮಾರುಹೋಗಿ ಮೂರೂ ಹೊತ್ತು ಸಜ್ಜೆಯನ್ನೇ ಉಣ್ಣುವುದು ಇನ್ನೊಂದು ತುದಿಗೆ ಹೋದಂತೆ.

ಶೇಂಗಾದ ಕಥೆ ಇನ್ನೂ ಕುತೂಹಲಕರ. ಭಾರತೀಯ ವಿಜ್ಞಾನಿಗಳಾದ ಶ್ರೀನಿವಾಸನ್, ಮೌದ್ಗಲ್ ಮತ್ತು ಶರ್ಮ 1957ರಲ್ಲಿ ಶೇಂಗಾ ತಿನ್ನಿಸಿದ ಇಲಿಗಳ ಥೈರಾಯ್ಡ್ ಹಿಗ್ಗುವುದನ್ನು ವರದಿ ಮಾಡಿದರು. ದೋಷ ಇದ್ದದ್ದು ಬೀಜದ ಮೇಲಿನ ಕೆಂಪು ಸಿಪ್ಪೆಯ ದ್ರವ್ಯವೊಂದರಲ್ಲಿ. ಸ್ವಲ್ಪ ಅಯೋಡಿನ್ ಕೊಟ್ಟರೆ ಆ ಪರಿಣಾಮ ಅಡಗುತ್ತಿತ್ತು. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯ ಕಡಲೆಕಾಯಿ ಬೆಳೆಗಾರರ ಮನೆಯಲ್ಲಾಗಲಿ ಸೊಲ್ಲಾಪುರದ ಹೆಸರುವಾಸಿ ಶೇಂಗಾ ಚಟ್ನಿಯಲ್ಲಾಗಲಿ ಬೀಜವನ್ನು ಹುರಿದು, ಕೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವ ರೂಢಿಯಿದೆ. ರುಚಿಗಾಗಿ ಬಂದ ಈ ಕ್ರಮ ಆರೋಗ್ಯಕ್ಕೂ ಒದಗಿದೆ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಶೇಂಗಾ ಒಂದು ಭಯದ ವಸ್ತುವಲ್ಲ.

ಸೋಯಾ ಅವರೆಯಲ್ಲಿರುವ ಐಸೋಫ್ಲೇವೋನುಗಳೂ ಹಾರ್ಮೋನು ತಯಾರಿಸುವ ಕಿಣ್ವಕ್ಕೆ ಅಡ್ಡಿ ಮಾಡಬಲ್ಲವು. ಅಮೆರಿಕದಲ್ಲಿ 1950ರ ದಶಕದ ಬಳಿಕ, ಸೋಯಾ ಹಿಟ್ಟಿನಿಂದ ಮಾಡಿದ ಶಿಶುಆಹಾರವನ್ನೇ ಕುಡಿದು ಬೆಳೆದ ಕೆಲವು ಮಕ್ಕಳಿಗೆ ಗಳಗಂಡ ಕಾಣಿಸಿಕೊಂಡಿತ್ತು. 1960ರ ದಶಕದಲ್ಲಿ ಆ ಆಹಾರಕ್ಕೆ ಅಯೋಡಿನ್ ಸೇರಿಸಿದ ಮೇಲೆ ಅಂಥ ಪ್ರಕರಣಗಳು ಬಹುಮಟ್ಟಿಗೆ ನಿಂತುಹೋದವು. ವಯಸ್ಕರ ಮೇಲೆ ನಡೆದ 14 ಪ್ರಯೋಗಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಸಮೀಕ್ಷೆ, ಅಯೋಡಿನ್ ಸಾಕಷ್ಟಿರುವ ಆರೋಗ್ಯವಂತರಿಗೆ ಸೋಯಾದಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ ಎಂದಿತು. ತಮಿಳುನಾಡು, ಆಂಧ್ರದ ಕಡೆ ಮೀಲ್‌ಮೇಕರ್ ಎಂದು ಕರೆಯುವ ಸೋಯಾ ಉಂಡೆಯನ್ನು ವಾರಕ್ಕೊಂದೆರಡು ಸಲ ಮಕ್ಕಳಿಗೆ ಬಡಿಸಲು ಅಡ್ಡಿಯಿಲ್ಲ.

ಕಾಂಗ್ರಾ ಕಣಿವೆಯ ಉಪ್ಪು

ಈ ಎಲ್ಲ ಕಥೆಗಳಲ್ಲಿಯೂ ಕಾಪಾಡುವ ಪಾತ್ರ ಅಯೋಡಿನ್ನಿನದು. ಮಳೆ, ನೆರೆ, ಹಿಮನದಿಗಳು ಶತಮಾನಗಳಿಂದ ಮಣ್ಣಿನ ಅಯೋಡಿನ್ನನ್ನು ತೊಳೆದು ಸಮುದ್ರಕ್ಕೆ ಒಯ್ದಿವೆ. ಅಂಥ ಮಣ್ಣಿನಲ್ಲಿ ಬೆಳೆದ ಧಾನ್ಯ, ತರಕಾರಿ, ಅಲ್ಲಿ ಮೇದ ಹಸುವಿನ ಹಾಲು ಎಲ್ಲದರಲ್ಲಿಯೂ ಅಯೋಡಿನ್ ಕಡಿಮೆ. ಕೊರತೆ ಬೆಟ್ಟದ ನಾಡಿಗಷ್ಟೇ ಸೀಮಿತವೆಂಬ ಭಾವನೆ ಹಿಂದೆ ಇತ್ತು. ಬಯಲಿನಲ್ಲಿಯೂ ಕರಾವಳಿಯಲ್ಲಿಯೂ ಅದು ಕಂಡುಬಂದಿದೆ.

ಭಾರತಕ್ಕೆ ದಾರಿ ತೋರಿದುದು ಹಿಮಾಚಲದ ಕಾಂಗ್ರಾ ಕಣಿವೆ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಲ್ಲಿ ಸುಮಾರು ಲಕ್ಷ ಜನರನ್ನು ಪರೀಕ್ಷಿಸಿದಾಗ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಗಳಗಂಡವಿತ್ತು. ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸಿದರು. 1962ರ ಹೊತ್ತಿಗೆ ಅಯೋಡಿನ್ ಉಪ್ಪು ಉಂಡ ಎರಡೂ ವಲಯಗಳಲ್ಲಿ ರೋಗ ಬಹಳವಾಗಿ ಇಳಿದಿತ್ತು. ಸಾದಾ ಉಪ್ಪಿನ ವಲಯದಲ್ಲಿ ಇದ್ದಷ್ಟೇ ಇತ್ತು. ಬಳಿಕ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟಾಗ ಅಲ್ಲಿಯೂ ರೋಗ ಇಳಿಯಿತು. ಅದೇ 1962ರಲ್ಲಿ ಭಾರತ ಸರಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಆಹಾರಕ್ಕಾಗಿ ಅಯೋಡಿನ್ ಇಲ್ಲದ ಉಪ್ಪಿನ ನೇರ ಮಾರಾಟವನ್ನು ನಿಷೇಧಿಸುವ ನಿಯಮ 2006ರಿಂದ ದೇಶದಾದ್ಯಂತ ಜಾರಿಯಲ್ಲಿದೆ.

ಕಾರ್ಖಾನೆಯಿಂದ ಹೊರಡುವಾಗ ಒಂದು ಕಿಲೋ ಉಪ್ಪಿನಲ್ಲಿ 30 ಮಿಲಿಗ್ರಾಂ, ಮನೆಗೆ ತಲುಪಿದಾಗ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ನಡುವಿನ ನಷ್ಟಕ್ಕೆ ತೇವ, ಬಿಸಿಲು, ಶಾಖ ಕಾರಣ. ಉಪ್ಪಿನ ಡಬ್ಬಿಯನ್ನು ಒಲೆಯ ಪಕ್ಕ ತೆರೆದಿಡುವ ರೂಢಿಯಿಂದ ಅಯೋಡಿನ್ ಇನ್ನಷ್ಟು ಕಡಿಮೆಯಾಗುತ್ತದೆ. ಬಿಗಿಮುಚ್ಚಳದ ಡಬ್ಬಿ, ಒಣ ಚಮಚೆ, ಅಡುಗೆಯ ಕೊನೆಯಲ್ಲಿ ಉಪ್ಪು ಹಾಕುವ ಅಭ್ಯಾಸ ಇವುಗಳಿಂದ ಅಯೋಡಿನ್ ಉಳಿಯುತ್ತದೆ.

ಸಮುದ್ರದ ನೀರಿನಿಂದ ಮಾಡಿದ ಹರಳುಪ್ಪಿನಲ್ಲಿ ಸಹಜವಾಗಿಯೇ ಸಾಕಷ್ಟು ಅಯೋಡಿನ್ ಇರುತ್ತದೆಂಬ ನಂಬಿಕೆ ತಪ್ಪು. ಸೈಂಧವ ಉಪ್ಪಿನ ವಿಷಯವೂ ಹಾಗೆಯೇ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆದಿರದಿದ್ದರೆ ಅದು ಅಯೋಡಿನ್ನಿಗೆ ಆಧಾರವಾಗದು. ಗಡಿನಾಡಿನ ಮನೆಗಳಲ್ಲಿ ಪೊಟ್ಟಣದ ಬರಹ ಮಲಯಾಳದಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಇರಬಹುದು. ಶಾಲೆಯಲ್ಲಿ ಕನ್ನಡದ ಜೊತೆಗೆ ಆ ರಾಜ್ಯದ ಭಾಷೆಯನ್ನೂ ಕಲಿಯುವ ಮಕ್ಕಳು ಅದನ್ನು ಓದಿ ಅಮ್ಮಂದಿರಿಗೆ ಹೇಳಬಲ್ಲರು. ಅನೇಕ ಪೊಟ್ಟಣಗಳ ಮೇಲೆ ಅಯೋಡಿನ್ ಉಪ್ಪನ್ನು ಸೂಚಿಸುವ ನಗುವ ಸೂರ್ಯನ ಚಿಹ್ನೆಯೂ ಇರುತ್ತದೆ.

ಹಾಗೆಂದು ಅಯೋಡಿನ್ನಿಗಾಗಿ ಉಪ್ಪನ್ನು ಹೆಚ್ಚು ತಿನ್ನಬಾರದು. ದಿನಕ್ಕೆ 5 ಗ್ರಾಂ ಮೀರದ ಉಪ್ಪು ಎಂಬ ಮಿತಿ ಹಾಗೆಯೇ ಇರಲಿ. ಉಳಿದ ಅಯೋಡಿನ್ ಹಾಲು, ಮೊಸರು, ಮೊಟ್ಟೆ, ಕಡಲಮೀನುಗಳಿಂದ ಬರುತ್ತದೆ. ಅಯೋಡಿನ್ ಅತಿಯಾದರೂ ಥೈರಾಯ್ಡಿಗೆ ಕೇಡು. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಅಯೋಡಿನ್ ಮಾತ್ರೆ, ಹನಿಗಳನ್ನು ಕೊಡಬಾರದು.

ಮಾತ್ರೆ ನುಂಗುವವರ ಮನೆಯಲ್ಲಿ

ಇಂದು ಥೈರಾಯ್ಡ್ ತೊಂದರೆ ಎಂದು ಮಾತ್ರೆ ಸೇವಿಸುತ್ತಿರುವ ಅನೇಕರ ರೋಗಕ್ಕೆ ಆಹಾರ ಕಾರಣವೇ ಅಲ್ಲ. ಅಯೋಡಿನ್ ಸಾಕಷ್ಟು ಸಿಗುವ ಕಡೆಗಳಲ್ಲಿ ಹಾರ್ಮೋನು ಕೊರತೆಗೆ ಮುಖ್ಯ ಕಾರಣ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುವ ಹಾಶಿಮೋಟೋ ರೋಗ. ಕೋಸು ಬಿಟ್ಟರೆ ಅದು ಗುಣವಾಗದು. ತರಕಾರಿ ಬಿಟ್ಟಿದ್ದೇನೆ, ಇನ್ನು ಮಾತ್ರೆ ಬೇಡ ಎಂದುಕೊಳ್ಳುವುದು ಈ ಗಾಳಿಮಾತಿನ ಅತ್ಯಂತ ಅಪಾಯಕರ ಫಲ. ಗರ್ಭಿಣಿ ಹಾಗೆ ಮಾಡಿದರೆ ಮೊದಲ ತಿಂಗಳುಗಳಲ್ಲಿ ತಾಯಿಯ ಹಾರ್ಮೋನನ್ನೇ ನೆಚ್ಚಿರುವ ಶಿಶುವಿನ ಮೆದುಳಿಗೆ ನಷ್ಟವಾಗಬಹುದು.

ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರೀ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ, ತಿಂಡಿ ಮುಟ್ಟದಿರುವುದು ಸರಿಯಾದ ಕ್ರಮ. ಸೋಯಾ ಈ ಮಾತ್ರೆ ರಕ್ತಕ್ಕೆ ಸೇರುವುದನ್ನು ಕುಗ್ಗಿಸುತ್ತದೆ. ಆದುದರಿಂದ ಅದನ್ನು ಮಧ್ಯಾಹ್ನಕ್ಕೋ ರಾತ್ರಿಗೋ ಇಟ್ಟುಕೊಳ್ಳುವುದು ಲೇಸು. ಕಬ್ಬಿಣ ಮತ್ತು ಸುಣ್ಣದಂಶದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು.

ಶಾಲೆಗೆ ಹೋಗುವ ಮಕ್ಕಳು

ಗಳಗಂಡ ಕಣ್ಣಿಗೆ ಕಾಣುತ್ತದೆ. ಸಣ್ಣ ಪ್ರಮಾಣದ ಹಾರ್ಮೋನು ಕೊರತೆ ಕಾಣುವುದಿಲ್ಲ. ಓರಗೆಯವರಷ್ಟು ಎತ್ತರ ಬೆಳೆಯದಿರುವುದು, ಸದಾ ಆಯಾಸ, ತರಗತಿಯಲ್ಲಿ ತೂಕಡಿಕೆ, ಓದಿದುದು ನೆನಪಿನಲ್ಲಿ ನಿಲ್ಲದಿರುವುದು, ಮಲಬದ್ಧತೆ, ಒಣ ಚರ್ಮ, ಉಳಿದವರಿಗಿಲ್ಲದ ಚಳಿ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಏರುಪೇರು ಇವು ಅದರ ಸೂಚನೆಗಳಾಗಬಹುದು. ಇಂಥ ಮಗುವನ್ನು ಸೋಮಾರಿ, ದಡ್ಡ ಎಂದು ಗದರುವ ಮೊದಲು ಟಿಎಸ್ಎಚ್ ರಕ್ತಪರೀಕ್ಷೆ ಮಾಡಿಸುವುದು ವಿವೇಕ. ಹದಿಹರೆಯದಲ್ಲಿ ಹಾರ್ಮೋನಿನ ಬೇಡಿಕೆ ಏರುವುದರಿಂದ, ಹುಡುಗಿಯರಲ್ಲಿ ವಿಶೇಷವಾಗಿ, ಕೊರಳನ್ನು ಗಮನಿಸುತ್ತಿರಬೇಕು. ರಕ್ತಹೀನತೆಯಿರುವ ಮಗುವಿನ ಥೈರಾಯ್ಡ್ ಅಯೋಡಿನ್ನನ್ನು ಸರಿಯಾಗಿ ಬಳಸಿಕೊಳ್ಳಲಾರದು. ಹೀಗಾಗಿ ಸೊಪ್ಪು, ಕಾಳು, ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳ ಮಹತ್ವ ಇಲ್ಲಿಯೂ ಇದೆ.

ಶಾಲೆಯ ಮಧ್ಯಾಹ್ನದೂಟದ ಉಪ್ಪು ಯಾವುದು, ಅದನ್ನು ಹೇಗೆ ಇಡುತ್ತಾರೆ ಎಂಬುದನ್ನು ಹೆತ್ತವರ ಸಭೆಯಲ್ಲಿ ಒಮ್ಮೆ ವಿಚಾರಿಸಬಹುದು. ವರ್ಷಕ್ಕೊಮ್ಮೆ ಅಕ್ಟೋಬರ್ 21ರಂದು ಬರುವ ವಿಶ್ವ ಅಯೋಡಿನ್ ಕೊರತೆ ದಿನದಂದು ಮಕ್ಕಳಿಂದಲೇ ಮನೆಮನೆಯ ಉಪ್ಪಿನ ಪೊಟ್ಟಣವನ್ನು ಓದಿಸಿ ಪಟ್ಟಿ ಮಾಡಿಸಿದರೆ ವಿಜ್ಞಾನದ ಪಾಠವೂ ಆಯಿತು, ಊರಿನ ಆರೋಗ್ಯದ ಲೆಕ್ಕವೂ ಸಿಕ್ಕಿತು.

ಕೋಸು ಬೇಯಲಿ, ಮರಗೆಣಸಿನ ನೀರು ಚೆಲ್ಲಲಿ, ಕಣಿಲೆ ಮೂರು ದಿನ ನೆನೆಯಲಿ, ಶೇಂಗಾದ ಸಿಪ್ಪೆ ಹಾರಲಿ, ಧಾನ್ಯಗಳು ಸರದಿಯಲ್ಲಿ ಬರಲಿ. ಇವೆಲ್ಲ ನಮ್ಮ ಅಡುಗೆಮನೆಗಳಿಗೆ ಹಳೆಯ ಪಾಠಗಳೇ. ಹೊಸದಾಗಿ ಸೇರಬೇಕಾದುದು ಮುಚ್ಚಳ ಬಿಗಿದ ಡಬ್ಬಿಯಲ್ಲಿ ಅಯೋಡಿನ್ ಬೆರೆತ ಒಂದು ಹಿಡಿ ಉಪ್ಪು, ಮತ್ತು ಕೊರಳಲ್ಲಿ ಬಾವು ಕಂಡಾಗ ತರಕಾರಿಯನ್ನು ದೂರುತ್ತ ಕೂರದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಮೆಟ್ಟಿಲೇರುವ ಮನಸ್ಸು.